ಹಳೆಯ ವಿಮಾನಕ್ಕೆ ಹೊಸ ಹಣ ಎಲ್ಲಿ ಹಾಕಬೇಕು

(ಮಡಿಕೇರಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

ನಮ್ಮ ವಿಮಾನ 1970ರ ದಶಕದ್ದು ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಅಷ್ಟು ಹಳೇದರಲ್ಲಿ ಹಾರೋದಕ್ಕೆ ಭಯ ಆಗಲ್ವಾ ಅಂತ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುತ್ತಾ ಹೋದರೆ ಇವತ್ತಿನ ವಿಷಯವೆಲ್ಲ ಅದರಲ್ಲೇ ಬಂದುಬಿಡುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಮತ್ತು ನನ್ನ ಸ್ನೇಹಿತರು ಸೇರಿ ಇಟ್ಟುಕೊಂಡಿರುವುದು ಸೆಸ್ನಾ 172. ನಾಲ್ಕು ಸೀಟು, ತಲೆಯ ಮೇಲೆ ರೆಕ್ಕೆ, ಒಂದೇ ಎಂಜಿನ್. ಈ ಮಾದರಿ ಮೊದಲು ಹಾರಿದ್ದು 1955ರಲ್ಲಿ. ಇಲ್ಲಿಯವರೆಗೆ 44,000ಕ್ಕೂ ಜಾಸ್ತಿ ತಯಾರಾಗಿವೆ. ಪ್ರಪಂಚದಲ್ಲಿ ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. 1986ರಲ್ಲಿ ಇದರ ತಯಾರಿಕೆ ನಿಂತುಹೋಯಿತು. ಅಮೆರಿಕದಲ್ಲಿ ಸಣ್ಣ ವಿಮಾನದ ಕಂಪನಿಗಳ ಮೇಲೆ ಪರಿಹಾರದ ಕೇಸುಗಳು ಅಷ್ಟೊಂದು ಬೀಳುತ್ತಿದ್ದವು. 1994ರಲ್ಲಿ ಅಲ್ಲಿ ಒಂದು ಕಾನೂನು ಬಂತು: 18 ವರ್ಷ ದಾಟಿದ ಸಣ್ಣ ವಿಮಾನಕ್ಕೆ ತಯಾರಕರ ಮೇಲೆ ಸಾಮಾನ್ಯವಾಗಿ ಕೇಸು ಹಾಕುವಂತಿಲ್ಲ ಅಂತ. ಆಮೇಲೆ 1996ರಲ್ಲಿ ಮತ್ತೆ ತಯಾರಿಕೆ ಶುರುವಾಯಿತು. ನಡುವಿನ ಹತ್ತು ವರ್ಷ ಹೊಸದೇ ಇರಲಿಲ್ಲ. ಹಾಗಾಗಿ 40, 50 ವರ್ಷದ ಸೆಸ್ನಾ ಅಂದರೆ ನಮ್ಮ ವಲಯದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಇನ್ನೂ ಹಳೆಯದು ಬೇಕೇ? ಜೆ.ಆರ್.ಡಿ. ಟಾಟಾ 1932ರಲ್ಲಿ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ಹಾರಿದ್ದು ನಿಮಗೆ ಗೊತ್ತು. ಅದರ 50ನೇ ವರ್ಷಕ್ಕೆ, 1982ರ ಅಕ್ಟೋಬರ್ 15ರಂದು, ಅದೇ ದಾರಿಯಲ್ಲಿ ಅವರು ಮತ್ತೆ ಒಬ್ಬರೇ ಹಾರಿದರು. ಆಗ ಅವರಿಗೆ 78 ವರ್ಷ. ಹಾರಿಸಿದ್ದು ಲೆಪರ್ಡ್ ಮಾತ್, 1930ರ ದಶಕದ ವಿಮಾನ. ಇಟ್ಟುಕೊಂಡವರು ಸರಿಯಾಗಿ ನೋಡಿಕೊಂಡರೆ ವಿಮಾನ ಬಾಳಿಕೆ ಬರುತ್ತದೆ.

ನಮ್ಮ ಕೊಡಗಿಗೂ ಆಕಾಶ ಹೊಸದಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಯುದ್ಧದಲ್ಲಿ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಯುದ್ಧವಿಮಾನ ಸ್ಟಾರ್‌ಫೈಟರ್‌ ಅನ್ನು ಕೆಡವಿದವರು. ಅವರು ಹಿಂತಿರುಗಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪನವರು ಅದೇ ಯುದ್ಧದಲ್ಲಿ ಹಂಟರ್ ಯುದ್ಧವಿಮಾನ ಹಾರಿಸಿದರು, ಮುಂದೆ ಏರ್ ಮಾರ್ಷಲ್ ಆದರು. ಪೈಲಟ್‌ಗಳಿಗೆ ಕೊರತೆ ಇಲ್ಲ ನಮ್ಮಲ್ಲಿ. ಇಲ್ಲದ್ದು ರನ್‌ವೇ. ಕೂಡಿಗೆ ಹತ್ತಿರ ಆಗುತ್ತದೆ ಅನ್ನುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಸದ್ಯಕ್ಕೆ ನಮ್ಮ ವಿಮಾನ ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ. ತೋಟದಿಂದ ಅಲ್ಲಿಗೆ ಹೋಗುವುದಕ್ಕೇ ಅರ್ಧ ದಿನ ಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳೆಯ ವಿಮಾನದ ದೊಡ್ಡ ಕಾಯಿಲೆ ಈ ದೂರದಿಂದಲೇ ಬರುತ್ತದೆ. ಸುಮ್ನೆ ನಿಂತಿರುವುದೇ ಆ ಕಾಯಿಲೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮದರಲ್ಲಿ ಇರುವುದು ಲೈಕಮಿಂಗ್ ಎಂಜಿನ್, 150 ಅಶ್ವಶಕ್ತಿ. ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ, ಮೇಲ್ಗಡೆ ಇರುತ್ತದೆ, ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ಎಂಜಿನ್ ನಿಂತ ಮೇಲೆ ಆಯಿಲ್ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಕೆಲವು ವಾರ ಬಿಟ್ಟರೆ ಕ್ಯಾಮ್ ಮೇಲೆ ತೆಳು ಪದರವೂ ಉಳಿಯುವುದಿಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಒಳಗೇ ಉಳಿದಿರುತ್ತದೆ. ಬರಿ ಲೋಹ, ತೇವ, ಗಾಳಿ. ನಮ್ಮ ಮನೆಗಳಲ್ಲಿ ಕೋವಿ ಇದೆ. ಮಳೆಗಾಲದಲ್ಲಿ ನಳಿಗೆಗೆ ಎಣ್ಣೆ ಕಾಣಿಸದೆ ಮೂಲೆಗೆ ಒರಗಿಸಿಟ್ಟರೆ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಒಳಗೆ ಏನಾಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ಯಾಮ್ ಮೇಲೂ ಅದೇ ಸಣ್ಣ ಸಣ್ಣ ತುಕ್ಕಿನ ಗುಳಿ. ಮುಂದೆ ಎಂಜಿನ್ ಓಡಿದಾಗ ಆ ಗುಳಿ ಎದುರಿನ ಲಿಫ್ಟರನ್ನು, ಅಂದರೆ ಕ್ಯಾಮ್ ತಳ್ಳುವ ಬಿಡಿಭಾಗವನ್ನು, ಅರದಂತೆ ತಿನ್ನುತ್ತದೆ. ಆಮೇಲೆ ಎಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ.

ಹಾಗಾದರೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿದರೆ ಆಯಿತಲ್ಲ ಅಂತ ನಿಮಗೆ ಅನಿಸಬಹುದು. ಅದು ಇನ್ನೂ ಕೆಟ್ಟದ್ದು. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಆಯಿಲ್ ಸರಿಯಾಗಿ ಕಾಯುವುದಿಲ್ಲ. ಇದ್ದ ನೀರು ಆರುವ ಬದಲು ಹೊಸ ನೀರು ಸೇರುತ್ತದೆ. ಆಯಿಲ್ ಸುಮಾರು 75ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಬಂದು, ಅದೇ ಬಿಸಿಯಲ್ಲಿ ಒಂದು ಗಂಟೆಯಾದರೂ ಹಾರಬೇಕು. ತಿಂಗಳಿಗೆ ಒಂದು ಸಲವಾದರೂ ಹೀಗೆ ಹಾರಿಸಬೇಕು ಅಂತ ತಯಾರಕರೇ ಹೇಳುತ್ತಾರೆ. ಹಳೆಯ ವಿಮಾನಕ್ಕೆ ಮಾಡಬಹುದಾದ ಮೊದಲ ಸುಧಾರಣೆ ಇದು. ಇದಕ್ಕೆ ಹೊಸ ಸಾಮಾನು ಏನೂ ಬೇಡ. ಒಬ್ಬರಿಗೆ ಆಗದಿದ್ದರೆ ಪಾಲುದಾರರನ್ನು ಸೇರಿಸಿಕೊಳ್ಳಿ. ನಾವು ಕೆಲವರು ಸೇರಿ ಇಟ್ಟುಕೊಂಡಿರುವುದಕ್ಕೆ ಖರ್ಚು ಒಂದು ಕಾರಣ ನಿಜ. ಅದಕ್ಕಿಂತ ದೊಡ್ಡ ಕಾರಣ, ಕಾಫಿ ಕೊಯ್ಲಿನ ತಿಂಗಳಲ್ಲಿ ನನಗೆ ಬಿಡುವಿಲ್ಲದಿದ್ದರೂ ಬೆಂಗಳೂರಿನಲ್ಲಿರುವ ಇನ್ನೊಬ್ಬರು ಹೋಗಿ ಹಾರಿಸುತ್ತಾರೆ.

ಕೊಳ್ಳುವ ಮಾತಿಗೆ ಬರುತ್ತೇನೆ. ಬಣ್ಣ ನೋಡಬೇಡಿ, ಲಾಗ್‌ಬುಕ್ ನೋಡಿ. ಎಂಜಿನ್‌ಗೆ ಎಷ್ಟು ಗಂಟೆ ಆಗಿದೆ ಅನ್ನುವುದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಈ ಎಂಜಿನ್‌ಗೆ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವ ಅವಧಿ 2,000 ಗಂಟೆ, ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. 300 ಗಂಟೆ ಮಾತ್ರ ಓಡಿದ್ದು ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ, ಆ 300 ಗಂಟೆ ಎಷ್ಟು ವರ್ಷದಲ್ಲಿ ಓಡಿತು ಅಂತ ಕೇಳಿ. 15 ವರ್ಷದಲ್ಲಿ 300 ಗಂಟೆ ಓಡಿದ ಎಂಜಿನ್‌ಗಿಂತ ಐದು ವರ್ಷದಲ್ಲಿ 1,200 ಗಂಟೆ ಓಡಿದ್ದೇ ನನಗೆ ಬೇಕು. ಇನ್ನೊಂದು ವಿಷಯ, 1977ರಿಂದ 1980ರವರೆಗಿನ 172 ಎನ್ ಮಾದರಿಯಲ್ಲಿ ಎಚ್2ಎಡಿ ಅನ್ನುವ ಎಂಜಿನ್ ಬಂತು. ಅದರ ಕ್ಯಾಮ್ ಮತ್ತು ಲಿಫ್ಟರ್ ತೊಂದರೆ ಆ ಕಾಲದಲ್ಲೇ ಹೆಸರಾಗಿತ್ತು. ಕೊಳ್ಳಬೇಡಿ ಅಂತಲ್ಲ. ಅದರ ಆಯಿಲ್ ಮತ್ತು ಹಾರಾಟದ ಚರಿತ್ರೆಯನ್ನು ಎರಡು ಪಟ್ಟು ಹುಷಾರಾಗಿ ಓದಿ.

ಎಂಜಿನ್ ಕೆಟ್ಟರೆ ಬದಲಾಯಿಸಬಹುದು. ಮೈ ಕೆಟ್ಟರೆ ಕಷ್ಟ. ಅಲ್ಯೂಮಿನಿಯಂ ತುಕ್ಕು ಕೆಂಪಗೆ ಕಾಣಿಸುವುದಿಲ್ಲ. ಬಣ್ಣದ ಕೆಳಗೆ ಗುಳ್ಳೆ ಎದ್ದಿರುತ್ತದೆ, ಉಗುರಿನಿಂದ ಕೆರೆದರೆ ಬೂದಿಯಂಥ ಬಿಳಿ ಪುಡಿ ಉದುರುತ್ತದೆ. ಸಮುದ್ರದ ಕಡೆ ಇದ್ದ ವಿಮಾನವಾದರೆ ರೆಕ್ಕೆಯ ಒಳಗೆ ಟಾರ್ಚ್ ಬಿಟ್ಟು ನೋಡದೆ ಮುಂಗಡ ಕೊಡಬೇಡಿ.

ಈಗ ಹಣ ಎಲ್ಲಿ ಹಾಕಬೇಕು ಅನ್ನುವ ವಿಷಯ. ಎಲ್ಲರ ಕಣ್ಣೂ ಹೋಗುವುದು ಮುಂದಿನ ಪ್ಯಾನೆಲ್ ಮೇಲೆ. ಹಳೆಯ ಗಡಿಯಾರದಂಥ ಡಯಲ್ ತೆಗೆದು ಬಣ್ಣದ ಸ್ಕ್ರೀನ್ ಹಾಕಿಸೋಣ ಅಂತ. ನನ್ನ ಅಭಿಪ್ರಾಯದಲ್ಲಿ ಮೊದಲ ರೂಪಾಯಿ ಹೋಗಬೇಕಾದ್ದು ಸೀಟಿನ ಕೆಳಗೆ.

ಹೌದು, ಸೀಟಿನ ಕೆಳಗೆ. ಸೆಸ್ನಾದಲ್ಲಿ ಪೈಲಟ್ ಸೀಟು ಎರಡು ಹಳಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಹಳಿಯಲ್ಲಿ ಸಾಲಾಗಿ ತೂತುಗಳಿವೆ. ಬೇಕಾದ ಜಾಗದಲ್ಲಿ ಒಂದು ಪಿನ್ ತೂತಿಗೆ ಇಳಿದು ಸೀಟನ್ನು ಹಿಡಿಯುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ದುಂಡಗಿನ ತೂತು ಮೊಟ್ಟೆಯ ಆಕಾರಕ್ಕೆ ಸವೆಯುತ್ತದೆ, ಪಿನ್ನಿನ ತುದಿಯೂ ಸವೆಯುತ್ತದೆ. ಟೇಕಾಫ್‌ನಲ್ಲಿ ಮೂಗು ಮೇಲೆದ್ದಾಗ ಪಿನ್ ಜಾರಿದರೆ ಸೀಟು ಸರ್ರನೆ ಹಿಂದಕ್ಕೆ ಹೋಗುತ್ತದೆ. ಪೈಲಟ್‌ನ ಕೈಯಲ್ಲಿ ಯೋಕ್, ಅಂದರೆ ವಿಮಾನದ ಸ್ಟೀರಿಂಗ್ ಇರುತ್ತದೆ. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿದೇ ಹಿಡಿಯುತ್ತಾನೆ. ಯೋಕ್ ಎಳೆದರೆ ವಿಮಾನ ಇನ್ನೂ ಮೂಗೆತ್ತುತ್ತದೆ, ವೇಗ ಕಳೆದುಕೊಳ್ಳುತ್ತದೆ. ಬಾಲದ ರಡ್ಡರ್ ತಿರುಗಿಸುವ ಪೆಡಲ್‌ಗೆ ಕಾಲು ಮುಟ್ಟುವುದಿಲ್ಲ. ಹೀಗೆ ಜೀವಗಳು ಹೋಗಿವೆ. ಅಮೆರಿಕದ ವಿಮಾನಯಾನ ಆಡಳಿತ 1987ರಲ್ಲೇ ಈ ಹಳಿಗಳನ್ನು ಕಡ್ಡಾಯವಾಗಿ ಪರೀಕ್ಷಿಸಬೇಕು ಅಂತ ಆದೇಶ ಹೊರಡಿಸಿತು, 2011ರಲ್ಲಿ ಅದನ್ನು ಹೊಸದಾಗಿ ಮಾಡಿತು. ಹೊಸ ಹಳಿ, ಹೊಸ ಪಿನ್, ಜೊತೆಗೆ ಸೀಟು ಜಾರಿದರೂ ತಡೆಯುವ ಇನ್ನೊಂದು ಪಟ್ಟಿ. ಫೋಟೊದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆದರೆ ನನ್ನ ಪಕ್ಕದಲ್ಲಿ ನನ್ನ ಮಗಳು ಕೂರುವ ಮೊದಲು ಇದು ಆಗಿರಬೇಕು.

ಸೀಟಿನ ಜೊತೆಗೇ ಬೆಲ್ಟ್. 1978ರ ಜುಲೈಗಿಂತ ಮೊದಲು ತಯಾರಾದ ಸಣ್ಣ ವಿಮಾನಗಳಲ್ಲಿ ಮುಂದಿನ ಸೀಟಿಗೆ ಭುಜದ ಬೆಲ್ಟ್ ಇರಲೇಬೇಕು ಅನ್ನುವ ನಿಯಮ ಅಮೆರಿಕದಲ್ಲಿ ಇರಲಿಲ್ಲ. ಹಳೆಯದು ಕೊಂಡವರು ಇದನ್ನು ನೋಡಿಕೊಳ್ಳಿ. ಹೊಟ್ಟೆಗೆ ಮಾತ್ರ ಬೆಲ್ಟ್ ಇದ್ದರೆ ಸಣ್ಣ ಅಪಘಾತದಲ್ಲೂ ತಲೆ ಪ್ಯಾನೆಲ್‌ಗೆ ಹೊಡೆಯುತ್ತದೆ.

ಮೂರನೆಯದು ಇ.ಎಲ್.ಟಿ. ವಿಮಾನ ಬಿದ್ದರೆ ತಾನಾಗಿ ಸಂಕೇತ ಕಳಿಸುವ ಪೆಟ್ಟಿಗೆ. ಹಳೆಯವು 121.5 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿದ್ದವು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಕೂಗನ್ನು ಕೇಳಿಸಿಕೊಳ್ಳುವುದನ್ನೇ ನಿಲ್ಲಿಸಿವೆ. ಈಗ ಬೇಕಾದ್ದು 406 ಮೆಗಾಹರ್ಟ್ಸ್‌ನದ್ದು, ಅದಕ್ಕೆ ಜಿಪಿಎಸ್ ಜೋಡಿಸಿದ್ದರೆ ಇನ್ನೂ ಒಳ್ಳೆಯದು. ಬ್ರಹ್ಮಗಿರಿ ಕಡೆ, ಪುಷ್ಪಗಿರಿ ಕಡೆ ಕಾಡು ಹೇಗಿದೆ ಅಂತ ನೋಡಿದ್ದೀರಿ. ಮೇಲಿನಿಂದ ಹಸಿರು ಬಿಟ್ಟರೆ ಏನೂ ಕಾಣುವುದಿಲ್ಲ. ಅಲ್ಲಿ ಇಳಿಯಬೇಕಾಗಿ ಬಂದವನನ್ನು ಕಣ್ಣಿನಿಂದ ಹುಡುಕುತ್ತೇವೆ ಅಂದರೆ ಆಗುವ ಮಾತಲ್ಲ.

ಆಮೇಲೆ ಆಯಿಲ್ ಫಿಲ್ಟರ್. ನಮ್ಮ ವಿಮಾನದ ಕಾಲದ ಎಂಜಿನ್‌ನಲ್ಲಿ ಫಿಲ್ಟರ್ ಬದಲು ಒಂದು ಜಾಲರಿ ಮಾತ್ರ ಇತ್ತು. ಜಾಲರಿ ಇದ್ದರೆ 25 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಪೂರ್ಣ ಫಿಲ್ಟರ್ ಜೋಡಿಸಿದರೆ 50 ಗಂಟೆ. ಅದಕ್ಕಿಂತ ದೊಡ್ಡ ಲಾಭ, ಪ್ರತಿಸಲ ಫಿಲ್ಟರ್ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಚ್ಚಿ ಬಿಸಿಲಿಗೆ ಹಿಡಿಯಬಹುದು. ಮಿನುಗುವ ಚೂರು ಕಂಡರೆ ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ, ಅಂದರೆ ಕ್ಯಾಮ್, ಲಿಫ್ಟರ್, ಸಿಲಿಂಡರ್ ಕಡೆ ಅನುಮಾನ ಬರಬೇಕು. ಎಂಜಿನ್ ಒಳಗೆ ಏನಾಗುತ್ತಿದೆ ಅಂತ ಇಷ್ಟು ಕಡಿಮೆ ಖರ್ಚಿನಲ್ಲಿ ತಿಳಿಸುವ ಸಾಧನ ಇನ್ನೊಂದಿಲ್ಲ. ಇದರ ಜೊತೆಗೆ ಪ್ರತಿ ಸಿಲಿಂಡರಿನ ಬಿಸಿ ಬೇರೆ ಬೇರೆ ತೋರಿಸುವ ಎಂಜಿನ್ ಮಾನಿಟರ್ ಇದ್ದರೆ ಅರ್ಧ ಚಿಂತೆ ಕಡಿಮೆ.

ಇಷ್ಟೆಲ್ಲ ಆದ ಮೇಲೆ ಸ್ಕ್ರೀನ್. ಅದು ಬೇಡ ಅಂತ ನಾನು ಹೇಳುವವನಲ್ಲ. ಹಳೆಯ ವಿಮಾನದಲ್ಲಿ ಆಕಾಶ ಯಾವುದು ನೆಲ ಯಾವುದು ತೋರಿಸುವ ಗೈರೋ ತಿರುಗುವುದು ಒಂದು ವ್ಯಾಕ್ಯೂಮ್ ಪಂಪಿನಿಂದ. ಆ ಪಂಪಿನೊಳಗೆ ಕಾರ್ಬನ್ ಅಲಗುಗಳಿವೆ. ಅವು ಮುನ್ಸೂಚನೆ ಕೊಡದೆ ಮುರಿಯುತ್ತವೆ. ಮಂಜಿನೊಳಗೆ ಸಿಕ್ಕಿದಾಗ ಮುರಿದರೆ ಗೈರೋ ನಿಧಾನವಾಗಿ ಓಲುತ್ತಾ ಸುಳ್ಳು ಹೇಳಲು ಶುರು ಮಾಡುತ್ತದೆ. 2016ರಿಂದ ಗಾರ್ಮಿನ್ ಜಿ5 ಥರದ, ಒಳಗೇ ಬ್ಯಾಟರಿ ಇರುವ ಎಲೆಕ್ಟ್ರಾನಿಕ್ ಉಪಕರಣಗಳನ್ನು ಹಳೆಯ ವಿಮಾನಗಳಿಗೂ ಹಾಕಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪಂಪೂ ಹೋಯಿತು, ಅದರ ಕೊಳವೆಗಳೂ ಹೋದವು, ತೂಕವೂ ಇಳಿಯಿತು. ಇದು ಒಳ್ಳೆಯ ಬದಲಾವಣೆ. ಆದರೆ ಖಾಸಗಿ ಪೈಲಟ್ ಕೊಡಗಿನ ಮೋಡದೊಳಗೆ ಹೋಗುವುದಕ್ಕೆ ಇದು ಪರವಾನಗಿ ಅಲ್ಲ. ತಡಿಯಂಡಮೋಳ್ ಬೆಟ್ಟ 1,748 ಮೀಟರ್ ಇದೆ, ಮೋಡದೊಳಗೂ ಅಷ್ಟೇ ಎತ್ತರ ಇರುತ್ತದೆ.

ಯಾವ ಬದಲಾವಣೆಗೂ ಕಾಗದ ಬೇಕು. ಆ ಮಾದರಿಗೆ ಆ ಮಾರ್ಪಾಡು ಒಪ್ಪಿಗೆಯಾಗಿದೆ ಅನ್ನುವುದಕ್ಕೆ ಎಸ್‌ಟಿಸಿ ಅನ್ನುವ ದಾಖಲೆ ಇರುತ್ತದೆ. ನಮ್ಮಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಅದನ್ನು ಒಪ್ಪಬೇಕು. ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಮಾಡಬೇಕು. ತೂಕ ಮತ್ತು ಸಮತೋಲನದ ಲೆಕ್ಕ ಹೊಸದಾಗಿ ಬರೆಯಬೇಕು. ವರ್ಷಕ್ಕೊಮ್ಮೆ ಹಾರಾಟ ಯೋಗ್ಯತೆಯ ಪರಿಶೀಲನೆ ಇದ್ದೇ ಇದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಬೇಕು. ತೂಕದ ಮಾತು ಸಣ್ಣದಲ್ಲ. ನಮ್ಮ ವಿಮಾನದ ಗರಿಷ್ಠ ತೂಕ 1,043 ಕೆಜಿ. ಖಾಲಿ ತೂಕ ಕಳೆದರೆ ಉಳಿಯುವುದು ಸುಮಾರು 430. ಟ್ಯಾಂಕ್ ತುಂಬಿಸಿದರೆ ನೂರು ಕೆಜಿ ಮೇಲೆ ಅದಕ್ಕೇ ಹೋಯಿತು. ಉಳಿದದ್ದರಲ್ಲಿ ನಮ್ಮಂಥ ನಾಲ್ವರು ಕೂತರೆ ಚೀಲ ಇಡಲು ಜಾಗವಿಲ್ಲ. ಪ್ಯಾನೆಲ್ ಹಿಂದೆ ಯಾವುದಕ್ಕೂ ಸೇರದೆ ಸತ್ತುಬಿದ್ದಿರುವ ಹಳೆಯ ವೈರು, ಹಳೆಯ ರೇಡಿಯೊ ತೆಗೆಸುವುದೂ ಒಂದು ಸುಧಾರಣೆಯೇ.

ಶಕ್ತಿ ಜಾಸ್ತಿ ಮಾಡಬಹುದಾ ಅಂತ ಇಲ್ಲಿ ಒಬ್ಬರು ಆಗಲೇ ಕೇಳಿದರು. ಮಾಡಬಹುದು. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ 35 ಡಿಗ್ರಿ ಬಿಸಿಲಿದ್ದರೆ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ಎಂಜಿನ್‌ಗೆ 6,000 ಅಡಿಯಲ್ಲಿ ಇದ್ದ ಹಾಗೆ ಅನಿಸುತ್ತದೆ. ಸಾವಿರ ಅಡಿಗೆ ಶೇಕಡಾ ಮೂರರಂತೆ ಲೆಕ್ಕ ಹಾಕಿದರೂ ಶಕ್ತಿಯ ಐದನೇ ಒಂದು ಪಾಲಿಗೆ ಹತ್ತಿರ ಹೋಯಿತು. ನಮ್ಮ ಎಂಜಿನ್‌ಗೆ ಬೇರೆ ಪಿಸ್ಟನ್ ಹಾಕಿ 150ರಿಂದ 160 ಅಶ್ವಶಕ್ತಿಗೆ ಏರಿಸುವ ಮಾರ್ಪಾಡು ಇದೆ. ಪ್ರೊಪೆಲ್ಲರ್‌ನ ಪಿಚ್, ಅಂದರೆ ಅಲಗಿನ ಓರೆ, ಸ್ವಲ್ಪ ಕಡಿಮೆ ಮಾಡಿದರೆ ಏರುವುದು ಚುರುಕಾಗುತ್ತದೆ, ಬದಲಿಗೆ ಮೇಲೆ ಹೋದ ಮೇಲೆ ವೇಗ ಸ್ವಲ್ಪ ಕಡಿಮೆ. ಓವರ್‌ಹಾಲ್ ಹೇಗೂ ಮಾಡಿಸುವಾಗ ಮಾಡಿಸಿದರೆ ಹೆಚ್ಚಿನ ಖರ್ಚು ಕಡಿಮೆ. ಅದಕ್ಕಾಗಿಯೇ ಎಂಜಿನ್ ಬಿಚ್ಚಬೇಡಿ. ಬಿಸಿಲಿನ ದಿನ ಇಬ್ಬರೇ ಹೋಗಿ, ಬೆಳಗ್ಗೆ ಬೇಗ ಹೋಗಿ.

ಪೆಟ್ರೋಲ್ ಬಗ್ಗೆಯೂ ಪ್ರಶ್ನೆ ಬಂತು. ನಮಗೆ ಬೇಕಾದ್ದು ಏವ್‌ಗ್ಯಾಸ್ 100 ಎಲ್ಎಲ್ ಅನ್ನುವ ವಿಮಾನದ ಪೆಟ್ರೋಲ್. ನೀಲಿ ಬಣ್ಣ, ಸೀಸ ಇರುತ್ತದೆ. ಮೊದಲು ಇದು ಹೊರದೇಶದಿಂದಲೇ ಬರಬೇಕಿತ್ತು. 2022ರಲ್ಲಿ ಇಂಡಿಯನ್ ಆಯಿಲ್‌ನವರು ಗುಜರಾತಿನ ರಿಫೈನರಿಯಲ್ಲಿ ತಯಾರಿಸಲು ಶುರು ಮಾಡಿದರು. ಕಡಿಮೆ ಕಂಪ್ರೆಶನ್ ಇರುವ ನಮ್ಮಂಥ ಎಂಜಿನ್‌ಗೆ ಕಾರಿನ ಪೆಟ್ರೋಲ್ ಹಾಕಲು ಅಮೆರಿಕದಲ್ಲಿ ಒಪ್ಪಿಗೆ ಇದೆ, ನಿಜ. ಆದರೆ ಅದರಲ್ಲಿ ಎಥನಾಲ್ ಒಂದಿಷ್ಟೂ ಇರಬಾರದು. ನಮ್ಮ ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಹಳೆಯ ರಬ್ಬರ್ ಸೀಲುಗಳನ್ನು ತಿನ್ನುತ್ತದೆ, ನೀರನ್ನು ಹೀರಿಕೊಳ್ಳುತ್ತದೆ. ಗೋಣಿಕೊಪ್ಪದಲ್ಲಿ ಕ್ಯಾನ್ ತುಂಬಿಸಿಕೊಂಡು ಹೋಗುವ ಯೋಚನೆ ಬೇಡವೇ ಬೇಡ.

ಟ್ಯಾಂಕಿನ ನೀರಿನ ವಿಷಯ ಬಂದದ್ದರಿಂದ ಒಂದು ಮಾತು. ಹಾರುವ ಮೊದಲು ರೆಕ್ಕೆಯ ಕೆಳಗಿನಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಕಪ್ಪಿಗೆ ಇಳಿಸಿ ನೋಡುತ್ತೇವೆ. ನೀರಿದ್ದರೆ ಅಡಿಯಲ್ಲಿ ಗುಂಡಗೆ ಕೂರುತ್ತದೆ, ನಡುವೆ ಗೆರೆ ಕಾಣುತ್ತದೆ. ಜೋರು ಮಳೆಯಾದ ಮೇಲೆ ಕಪ್ಪಿನಲ್ಲಿ ಬಂದದ್ದೆಲ್ಲ ನೀರೇ ಆಗಿದ್ದರೆ? ಆಗ ಗೆರೆಯೇ ಇರುವುದಿಲ್ಲ, ತಿಳಿಯಾಗಿ ಕಾಣುತ್ತದೆ. ಅದಕ್ಕೇ ಗೆರೆ ಹುಡುಕಿದರೆ ಸಾಲದು. ಬಿಳಿ ಗೋಡೆಗೆ ಹಿಡಿದು ನೀಲಿ ಇದೆಯಾ ನೋಡಿ, ಮೂಸಿ ನೋಡಿ. ಮಳೆನೀರು ಒಳಗೆ ಇಳಿಯದಂತೆ ಟ್ಯಾಂಕ್ ಮುಚ್ಚಳದ ರಬ್ಬರ್ ಬದಲಿಸುವುದಕ್ಕೆ ಒಂದು ಊಟದ ಖರ್ಚೂ ಆಗುವುದಿಲ್ಲ.

ಕೊಡಗಿನ ಮೇಲೆ ಹಾರುವವರು ಕಾರ್ಬರೇಟರ್ ಐಸ್ ಮರೆಯಬಾರದು. ನಮ್ಮೂರಿನಲ್ಲಿ ಎಲ್ಲಿಯ ಐಸ್ ಅಂತೀರಿ. ಕಾರ್ಬರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ, ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ, ಉಷ್ಣತೆ 20 ಡಿಗ್ರಿಗೂ ಜಾಸ್ತಿ ಇಳಿಯಬಹುದು. ಹೊರಗೆ 18 ಡಿಗ್ರಿ, ತೇವದ ಗಾಳಿ ಇದ್ದರೆ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಹಾರಂಗಿ ಹಿನ್ನೀರಿನ ಮೇಲೆ ಡಿಸೆಂಬರ್ ಬೆಳಗಿನ ಗಾಳಿ ಅಂದರೆ ಇದೇ. ಎಂಜಿನ್ ಸುತ್ತು ಕಾರಣವಿಲ್ಲದೆ ಮೆಲ್ಲಗೆ ಇಳಿಯತೊಡಗುತ್ತದೆ. ಕಾರ್ಬರೇಟರಿಗೆ ಬಿಸಿಗಾಳಿ ಬಿಡುವ ಗುಂಡಿ ಪೂರ್ತಿ ಎಳೆದರೆ ಮೊದಲು ಎಂಜಿನ್ ಇನ್ನೂ ಒರಟಾಗಿ ಕೆಮ್ಮುತ್ತದೆ, ಕರಗಿದ ನೀರು ಒಳಗೆ ಹೋಗುತ್ತಿರುತ್ತದಲ್ಲ. ಗಾಬರಿಯಾಗಿ ಗುಂಡಿ ಒಳಗೆ ತಳ್ಳಬೇಡಿ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಸುತ್ತು ಮೇಲೇರುತ್ತದೆ. ಕಾರ್ಬರೇಟರಿನ ಉಷ್ಣತೆ ತೋರಿಸುವ ಸಣ್ಣ ಮಾಪಕ ಸಿಗುತ್ತದೆ. ನಮ್ಮ ಹವಾಮಾನಕ್ಕೆ ನಾನು ಅದನ್ನು ಸ್ಕ್ರೀನಿಗಿಂತ ಮೊದಲು ಹಾಕಿಸುತ್ತೇನೆ.

ಕೊನೆಯದಾಗಿ ಮಳೆಗಾಲ. ಜೂನ್‌ನಿಂದ ಕೆಲವು ತಿಂಗಳು ಹಾರಲು ಆಗುವುದೇ ಇಲ್ಲ ಅನ್ನುವುದು ಖಚಿತವಿದ್ದರೆ ವಿಮಾನವನ್ನು ಹಾಗೇ ಬಿಟ್ಟು ಬರಬೇಡಿ. ಹಳೆಯ ಆಯಿಲ್ ತೆಗೆದು, ತುಕ್ಕು ತಡೆಯುವ ಆಯಿಲ್ ತುಂಬಿ, ಒಂದು ಸಲ ಹಾರಿಸಿ ಬಿಸಿ ಮಾಡಿ ನಿಲ್ಲಿಸಿ. ಸ್ಪಾರ್ಕ್ ಪ್ಲಗ್ ಜಾಗದಲ್ಲಿ ತೇವ ಹೀರುವ ಪ್ಲಗ್ ಹಾಕಿ, ಅದರ ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಹೊಗೆ ಕೊಳವೆ, ಗಾಳಿಯ ಬಾಯಿ ಮುಚ್ಚಿ. ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲೇ ತೇವ ಕೂರುವುದು. ಹ್ಯಾಂಗರ್‌ಗೆ ಹೋದಾಗೆಲ್ಲ ಪ್ರೊಪೆಲ್ಲರ್ ಕೈಯಿಂದ ತಿರುಗಿಸುವ ಅಭ್ಯಾಸ ಕೆಲವರಿಗೆ ಇದೆ. ಅದರಿಂದ ಕ್ಯಾಮ್ ಮೇಲೆ ಉಳಿದಿದ್ದ ಚೂರು ಆಯಿಲ್ ಕೂಡ ಒರೆಸಿಹೋಗುತ್ತದೆ, ಆ ಅಭ್ಯಾಸ ಬಿಡಿ. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೊ ಕೊಳವೆಗೆ ಕೆಂಪು ಪಟ್ಟಿಯ ಮುಚ್ಚಳ ಹಾಕದಿದ್ದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ, ಆಮೇಲೆ ವೇಗದ ಮುಳ್ಳು ಏಳುವುದೇ ಇಲ್ಲ. ಇಲಿ ಬಾರದಂತೆ ನೋಡಿಕೊಳ್ಳಿ. ಅವು ವೈರ್ ಕಡಿಯುವುದಕ್ಕಿಂತ ಅವುಗಳ ಮೂತ್ರ ಅಲ್ಯೂಮಿನಿಯಂ ಅನ್ನು ಜಾಸ್ತಿ ತಿನ್ನುತ್ತದೆ. ಮಳೆ ಮುಗಿದ ಮೇಲೆ ಹೊಸ ಆಯಿಲ್ ಹಾಕಿ, ಮುಚ್ಚಿದ್ದನ್ನೆಲ್ಲ ಒಂದೊಂದಾಗಿ ಎಣಿಸಿ ತೆಗೆದು, ಮೊದಲ ಹಾರಾಟ ಒಬ್ಬರೇ ಮಾಡಿ. ರನ್‌ವೇ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಕೆಲವು ಸುತ್ತು ಹಾಕಿ ಇಳಿಸಿ, ಎಂಜಿನ್ ಮೇಲಿನ ಮುಚ್ಚಳ ತೆಗೆದು ಎಲ್ಲಾದರೂ ಒಸರುತ್ತಿದೆಯಾ ನೋಡಿ. ಆಮೇಲೆ ಕುಶಾಲನಗರದ ದಾರಿ ಹಿಡಿಯಬಹುದು.